ನಮ್ಮ ಶಾಲೆಯ ಹೊಂಡದ ಹಸಿರು

ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರ ಅಪ್ಪಣೆಯಾದ ವಾರದಲ್ಲಿಯೇ ಹಳೆಯ ವಿದ್ಯಾರ್ಥಿಗಳ ಸಂಘದಿಂದ ಇನ್ನೊಂದು ಪತ್ರವೂ ನನಗೆ ಬಂದಿತು. ಶಾಲೆಯ ಹಿಂದಿನ ಹೊಂಡವನ್ನು ಜೀರ್ಣೋದ್ಧಾರ ಮಾಡುವ ಸಂಕಲ್ಪವಾಗಿದೆ. ನೀರನ್ನೆಲ್ಲ ಹೊರಹಾಕಿ, ಹೂಳನ್ನು ಬುಡದವರೆಗೆ ತೆಗೆದು, ಮುಂದೆ ಪಾಚಿ ಕಟ್ಟದಂತೆ ತಳಕ್ಕೆ ಸಿಮೆಂಟು ಹಾಕಿಸಬೇಕೆಂದಿದೆ. ತಾವು ಯಥಾಶಕ್ತಿ ನೆರವಾಗಬೇಕು ಎಂಬುದು ಅದರ ಸಾರಾಂಶ. ಉಚಿತ ಪ್ರಸಾದ ನಿಲಯದಲ್ಲಿ ಉಂಡು ಬೆಳೆದ ನನ್ನಂಥವನಿಗೆ ಇಂಥ ಕರೆಗೆ ಇಲ್ಲವೆನ್ನಲು ಬಾಯಿ ಬರುವುದಿಲ್ಲ. ನನ್ನ ಕೈಲಾದ ಹಣವನ್ನು ಕಳುಹಿಸಿಕೊಟ್ಟೆ. ಆದರೆ ‘ಪಾಚಿ ಕಟ್ಟದಂತೆ’ ಎಂಬ ಆ ಒಂದು ಮಾತು ಮಾತ್ರ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿಯಿತು. ನನ್ನ ಬಾಳಿನ ಉದ್ಯೋಗವೆಲ್ಲ ಹುಟ್ಟಿದ್ದು ಆ ಪಾಚಿಯಿಂದಲೇ. ಅದರ ವಿಷಯದಲ್ಲಿ ನಾನು ಮಾಡಿದ ತಪ್ಪೊಂದು ಇಂದಿಗೂ ತೀರದ ಸಾಲವಾಗಿದೆ. ಸಂಪಾದಕರ ಅಪ್ಪಣೆಯನ್ನೂ ಸಂಘದ ಪತ್ರವನ್ನೂ ಒಂದೇ ಬರಹದಿಂದ ಸಲ್ಲಿಸುವ ಪ್ರಯತ್ನವಿದು.

ನಾನು ಈ ಶಾಲೆಯಲ್ಲಿ ಒಂಬತ್ತನೆಯ ಇಯತ್ತೆಯಲ್ಲಿ ಓದುತ್ತಿದ್ದುದು ೧೯೬೨ರಲ್ಲಿ. ಹೋಳಿ ಹುಣ್ಣಿಮೆ ಕಳೆಯಿತೆಂದರೆ ಹೊಂಡದ ನೀರು ಅರ್ಧಕ್ಕೆ ಇಳಿದು ಹಸಿರಿಗೆ ತಿರುಗುತ್ತಿತ್ತು. ನಿಲಯದ ಹುಡುಗರು ಅಲ್ಲಿ ಒಗೆದ ಬಿಳಿಯ ಅಂಗಿಗಳು ಎಳೆ ಹಸಿರಾಗಿ ಮರಳುತ್ತಿದ್ದವು. ನಿಲಯದ ಮೇಲ್ವಿಚಾರಕರಿಂದ ಬೈಗಳು ಬೀಳುತ್ತಿದ್ದವು. ಹೀಗೆ ಎಲ್ಲರೂ ಬೈದುಕೊಳ್ಳುವ ಆ ನೀರನ್ನು ಒಂದು ದಿನ ನಮ್ಮ ವಿಜ್ಞಾನದ ಗುರುಗಳು ಗಾಜಿನ ಲೋಟದಲ್ಲಿ ತುಂಬಿಕೊಂಡು ವರ್ಗಕ್ಕೆ ಬಂದರು. ಇಡೀ ಶಾಲೆಗೆ ಆಗ ಒಂದೇ ಸೂಕ್ಷ್ಮದರ್ಶಕವಿತ್ತು. ಅರಳೆಯ ವ್ಯಾಪಾರ ಮಾಡುತ್ತಿದ್ದ ದಾನಿಗಳೊಬ್ಬರು ಅದನ್ನು ಕೊಡಿಸಿದ್ದರು. ತಮ್ಮ ಹೆಸರನ್ನು ಎಲ್ಲಿಯೂ ಬರೆಸಬಾರದೆಂದು ಅವರು ಹೇಳಿದ್ದರಂತೆ. ಗುರುಗಳು ಒಂದು ಹನಿಯನ್ನು ಗಾಜಿನ ಪಟ್ಟಿಯ ಮೇಲಿಟ್ಟು ನಮ್ಮನ್ನು ಒಬ್ಬೊಬ್ಬರನ್ನಾಗಿ ಕರೆದರು.

“ಏನ ಕಾಣತೈತೋ ತಮ್ಮಾ?”

“ಹಸರ ಕಾಳು ಓಡ್ಯಾಡತಾವ್ರೀ ಸರ್.”

“ಓಡ್ಯಾಡೂದು ಹ್ಯಾಂಗ? ಕಾಲ ಅದಾವೇನು ನೋಡು.”

ಕಾಲುಗಳಿರಲಿಲ್ಲ. ಬಹಳ ಹೊತ್ತು ಕಣ್ಣಿಟ್ಟ ಮೇಲೆ ಪ್ರತಿಯೊಂದು ಕಾಳಿನ ಮುಂದೆ ಕೂದಲಿಗಿಂತ ಸಣ್ಣದಾದ ಎರಡು ಚಾವಟಿಗಳು ಬಡಿದಾಡುತ್ತಿರುವುದು ಕಂಡಿತು. ಅದು ಕ್ಲಾಮಿಡೊಮೊನಾಸ್ ಎಂಬ ಶೈವಲವೆಂದು ಗುರುಗಳು ಹೇಳಿಕೊಟ್ಟರು. ಒಂದೇ ಜೀವಕೋಶದ ದೇಹ. ಅಗಲ ಒಂದು ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟು. ಒಳಗೆ ಬಟ್ಟಲಿನಾಕಾರದಲ್ಲಿ ಪತ್ರಹರಿತು. ಪಕ್ಕದಲ್ಲಿ ಬೆಳಕನ್ನು ಗುರುತಿಸುವ ಕೆಂಪು ಚುಕ್ಕೆ. ನಾನು ಅದರ ಚಿತ್ರವನ್ನು ಅಂದವಾಗಿ ಬರೆದು ಕೆಳಗೆ ‘ಹೊಂಡದ ನೀರಿನಲ್ಲಿರುವ ಹಸಿರು ಜೀವಿಗಳೆಲ್ಲವೂ ಹೀಗೆಯೇ ಇರುತ್ತವೆ’ ಎಂದು ಜಾಣತನದಿಂದ ಒಂದು ವಾಕ್ಯವನ್ನು ಸೇರಿಸಿದೆ. ಮರುದಿನ ವಹಿ ಕೈಗೆ ಬಂದಾಗ ಚಿತ್ರಕ್ಕೆ ಪೂರ್ಣ ಅಂಕಗಳಿದ್ದವು. ಆ ವಾಕ್ಯದ ಕೆಳಗೆ ಮಾತ್ರ ಕೆಂಪು ಶಾಯಿಯ ಗೆರೆ, ಪಕ್ಕದಲ್ಲಿ ಎರಡೇ ಶಬ್ದಗಳು: ‘ಎಷ್ಟನ್ನು ನೋಡಿದೆ?’

ಆ ದಿನ ನನಗೆ ಅವಮಾನವಾಯಿತು. ಆ ಪ್ರಶ್ನೆಯ ಬೆಲೆ ತಿಳಿಯಲು ನನಗೆ ಮುಂದೆ ಐವತ್ತಕ್ಕೂ ಹೆಚ್ಚು ವರ್ಷಗಳು ಬೇಕಾದವು.

ನಾನು ಸ್ನಾತಕೋತ್ತರ ಪದವಿಯನ್ನು ಮುಗಿಸುವ ಹೊತ್ತಿಗೆ ಶೈವಲಗಳ ಅಧ್ಯಯನಕ್ಕೆ ನಾಡಿನಲ್ಲಿ ಒಳ್ಳೆಯ ಕಾಲ ಬಂದಿತ್ತು. ಮದರಾಸಿನಲ್ಲಿ ಎಂ. ಓ. ಪಿ. ಅಯ್ಯಂಗಾರ್ಯರು (೧೮೮೬–೧೯೬೩) ಹಾಕಿಕೊಟ್ಟ ಪರಂಪರೆ ಬಲವಾಗಿ ಬೇರೂರಿತ್ತು. ಗಿಡಗಳು ಗಾಳಿಯೊಳಗಿನ ಇಂಗಾಲವನ್ನು ಆಹಾರವಾಗಿ ಮಾಡಿಕೊಳ್ಳುವ ಬಗೆಯನ್ನು ಕಂಡುಹಿಡಿದುದಕ್ಕಾಗಿ ಅಮೆರಿಕೆಯ ಮೆಲ್ವಿನ್ ಕಾಲ್ವಿನ್ನರಿಗೆ ೧೯೬೧ರಲ್ಲಿ ನೊಬೆಲ್ ಪಾರಿತೋಷಕ ಬಂದಿತ್ತು; ಅವರು ತಮ್ಮ ಪ್ರಯೋಗಗಳಿಗೆ ಬಳಸಿದ್ದು ಕ್ಲೋರೆಲ್ಲ, ಸೆನೆಡೆಸ್ಮಸ್ ಎಂಬ ಸಿಹಿನೀರಿನ ಹಸಿರು ಶೈವಲಗಳನ್ನೇ. ನಮ್ಮ ಮೈಸೂರಿನ ಕೇಂದ್ರ ಆಹಾರ ಸಂಶೋಧನಾಲಯದಲ್ಲಿ ೧೯೭೦ರ ದಶಕದಲ್ಲಿ ಜರ್ಮನರ ಸಹಕಾರದೊಡನೆ ಸೆನೆಡೆಸ್ಮಸ್ಸನ್ನು ತೊಟ್ಟಿಗಳಲ್ಲಿ ಬೆಳೆಸಿ, ಜನರ ಆಹಾರಕ್ಕೆ ಸಸಾರಜನಕ ಒದಗಿಸುವ ಪ್ರಯತ್ನ ನಡೆದಿತ್ತು. ಈ ವಾತಾವರಣದಲ್ಲಿ ಸಂಶೋಧನೆಗೆ ತೊಡಗಿದ ನನಗೆ ಊರಿನ ಹೊಂಡ ನೆನಪಾದುದು ಸಹಜವೇ. ೧೯೭೨ರ ಬೇಸಿಗೆಯಲ್ಲಿ ಒಂದು ಸೀಸೆಯಷ್ಟು ನೀರನ್ನು ತುಂಬಿಕೊಂಡು, ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಪ್ರಯೋಗಾಲಯಕ್ಕೆ ಒಯ್ದೆ.

ಅಲ್ಲಿ ನಾನು ಮಾಡಿದ್ದು ಶಾಸ್ತ್ರಸಮ್ಮತವಾದ ಕೆಲಸವೇ. ನೀರನ್ನು ಹಲವು ಸಲ ತೆಳುವಾಗಿಸಿ, ಅಗರಿನ ಮೇಲೆ ಗೀರಿ, ದೂರದೂರ ಎದ್ದ ಹಸಿರು ಚುಕ್ಕೆಗಳಲ್ಲಿ ಎಲ್ಲಕ್ಕಿಂತ ದುಂಡಗೆ ಕಂಡ ಒಂದನ್ನು ಎತ್ತಿಕೊಂಡೆ. ಅದು ಒಂದೇ ಜೀವಕೋಶದಿಂದ ಹುಟ್ಟಿದ ಸಂತಾನ. ಅದನ್ನು ಗಾಜಿನ ನಳಿಕೆಗಳಲ್ಲಿ ಬೆಳೆಸಿ ‘ಶುದ್ಧ ತಳಿ’ ಎಂದು ಹೆಸರಿಟ್ಟೆ. ಸೀಸೆಯಲ್ಲಿ ಉಳಿದ ನೀರನ್ನು ಮೋರಿಗೆ ಚೆಲ್ಲಿದೆ. ಮುಂದಿನ ಐದು ವರ್ಷಗಳ ಕಾಲ ಆ ತಳಿಯ ಬೆಳವಣಿಗೆಯ ವೇಗ, ಅದಕ್ಕೆ ಬೇಕಾದ ಬೆಳಕು, ಸಾರಜನಕ, ಉಷ್ಣತೆ ಇವುಗಳನ್ನೆಲ್ಲ ಅಳೆದು ೧೯೭೭ರಲ್ಲಿ ಮಹಾಪ್ರಬಂಧವನ್ನು ಒಪ್ಪಿಸಿದೆ. ಅದರ ಶೀರ್ಷಿಕೆಯಲ್ಲಿ ನಮ್ಮೂರ ಹೊಂಡದ ಹೆಸರಿತ್ತು. ಮೌಖಿಕ ಪರೀಕ್ಷೆಯಲ್ಲಿ ರೇಖಾಚಿತ್ರಗಳ ಬಗ್ಗೆ ಅನೇಕ ಪ್ರಶ್ನೆಗಳು ಬಂದವು. ಎಷ್ಟನ್ನು ನೋಡಿದೆ ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ.

ನನ್ನೊಬ್ಬನ ಕಥೆಯಾಗಿದ್ದರೆ ಇದನ್ನು ಇಷ್ಟು ವಿಸ್ತರಿಸಬೇಕಾಗಿರಲಿಲ್ಲ. ಹಾಲೆಂಡಿನ ಬೈಜರಿಂಕ್ ಎಂಬ ವಿಜ್ಞಾನಿ ೧೮೯೦ರಲ್ಲಿ ಕ್ಲೋರೆಲ್ಲವನ್ನು ಶುದ್ಧವಾಗಿ ಬೇರ್ಪಡಿಸಿದಂದಿನಿಂದ ಈ ಶಾಸ್ತ್ರ ನಡೆದುಬಂದಿರುವ ಹಾದಿಯೇ ಇದು. ಒಂದು ಜೀವಕೋಶವನ್ನು ಹಿಡಿದು, ಅದರ ಮಕ್ಕಳನ್ನು ಬೆಳೆಸಿ, ಅವುಗಳ ಗುಣವನ್ನು ಇಡೀ ಪ್ರಭೇದದ ಗುಣವೆಂದು ಬಗೆಯುವುದು. ಜಗತ್ತಿನ ಪ್ರಯೋಗಾಲಯಗಳಲ್ಲೆಲ್ಲ ಇಂದು ಹೆಚ್ಚಾಗಿ ಬಳಕೆಯಲ್ಲಿರುವ ಹಸಿರು ಶೈವಲ ಕ್ಲಾಮಿಡೊಮೊನಾಸ್ ರೈನ್‌ಹಾರ್ಟಿಯೈ ಎಂಬ ಪ್ರಭೇದ. ೧೯೪೫ರಲ್ಲಿ ಜಿ. ಎಂ. ಸ್ಮಿತ್ ಎಂಬವರು ಅಮೆರಿಕೆಯ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಆಮ್‌ಹರ್ಸ್ಟ್ ಊರಿನ ಬಳಿ ಆಲೂಗಡ್ಡೆಯ ಹೊಲವೊಂದರ ಮಣ್ಣಿನಿಂದ ಅದನ್ನು ಬೇರ್ಪಡಿಸಿದರು. ಪ್ರಯೋಗಾಲಯಗಳ ಪ್ರಮುಖ ತಳಿಗಳೆಲ್ಲವೂ ಆ ಮಣ್ಣಿನಲ್ಲಿದ್ದ ಒಂದೇ ಯುಗ್ಮಬೀಜಕದಿಂದ, ಎಂದರೆ ಒಂದೇ ತಾಯ್ತಂದೆಗಳ ಜೋಡಿಯಿಂದ, ಇಳಿದುಬಂದವು. ಸಾವಿರಾರು ಪ್ರಬಂಧಗಳು ಆ ಒಂದು ಮನೆತನದ ಮೇಲೆ ನಿಂತಿವೆ.

ಇದರಿಂದ ಏನು ಕೆಟ್ಟಿತು ಎಂದು ಯಾರಾದರೂ ಕೇಳಬಹುದು. ಒಂದು ಉದಾಹರಣೆ ಸಾಕು. ಆ ಮನೆತನದ ಬಹುಬಳಕೆಯ ತಳಿಗಳಿಗೆ ನೈಟ್ರೇಟ್ ರೂಪದ ಸಾರಜನಕವನ್ನು ಬಳಸಿಕೊಳ್ಳುವ ಶಕ್ತಿಯಿಲ್ಲ. ಅದಕ್ಕೆ ಬೇಕಾದ ಎರಡು ಜೀನುಗಳು ಅವುಗಳಲ್ಲಿ ಕೆಟ್ಟಿವೆ. ಹೊಲದ ಮಣ್ಣಿನಿಂದ ತಂದ ಇತರ ತಳಿಗಳಿಗೆ ಆ ಶಕ್ತಿ ಸಾಮಾನ್ಯವಾಗಿ ಇದೆ. ಅಂಥ ಒಂದು ತಳಿಯನ್ನೇ ನೋಡಿ, ಈ ಶೈವಲಕ್ಕೆ ನೈಟ್ರೇಟು ಬೇಡವೆಂದು ಬರೆದಿದ್ದರೆ ಅದು ಸುಳ್ಳಾಗುತ್ತಿತ್ತು. ನಮ್ಮ ಸೀಮೆಯ ರೈತನು ಒಂದು ತೆನೆಯನ್ನು ಮುರಿದು ತಂದು, ಅದರ ಕಾಳನ್ನೇ ಬಿತ್ತಿ ಬೆಳೆದು, ನಾಡಿನ ಜೋಳವೆಲ್ಲ ಇದೇ ಎಂದು ಹೇಳುವುದಿಲ್ಲ. ಬಿಳಿಜೋಳವೆಂಬ ಒಂದೇ ಹೆಸರಿನೊಳಗೆ ಬರ ತಡೆಯುವುದು, ಬೇಗ ಬರುವುದು, ಹಕ್ಕಿ ಮುಟ್ಟದ್ದು ಎಂದು ಎಷ್ಟು ಬಗೆಗಳಿವೆಯೆಂಬುದನ್ನು ಅವನು ಬಲ್ಲನು. ಅವನು ಬಲ್ಲ ಈ ಮಾತನ್ನು ನಾವು ಪದವೀಧರರು ಮರೆತಿದ್ದೆವು.

ಜೀವಕೋಶದೊಳಗಿನ ಡಿ.ಎನ್.ಎ. ಬರಹವನ್ನು ಆದ್ಯಂತವಾಗಿ ಓದುವ ವಿದ್ಯೆ ಬಂದ ಮೇಲೆ ಈ ಮರೆವು ಬಯಲಾಯಿತು. ಕ್ಲಾಮಿಡೊಮೊನಾಸ್ ರೈನ್‌ಹಾರ್ಟಿಯೈಯ ಬರಹವನ್ನು ೨೦೦೭ರಲ್ಲಿ ಪ್ರಕಟಿಸಿದರು. ಸುಮಾರು ೧೨ ಕೋಟಿ ಅಕ್ಷರಗಳು, ಸುಮಾರು ೧೫,೦೦೦ ಜೀನುಗಳು. ಅದು ಒಂದು ತಳಿಯ ಬರಹ. ಅನಂತರ ೨೦೧೫ರಲ್ಲಿ ಬೇರೆ ಬೇರೆ ಹೊಲಗಳಿಂದ ಬಂದ ತಳಿಗಳ ಬರಹಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ಹೋಲಿಸಿದಾಗ ವಿಜ್ಞಾನಿಗಳು ಬೆರಗಾದರು. ಇಬ್ಬರು ಮನುಷ್ಯರ ಬರಹಗಳನ್ನು ಹೋಲಿಸಿದರೆ ಸಾವಿರ ಅಕ್ಷರಗಳಿಗೆ ಒಂದರಂತೆ ವ್ಯತ್ಯಾಸ ಕಾಣುತ್ತದೆ. ಈ ಶೈವಲದ ಎರಡು ಕೋಶಗಳನ್ನು ಹೋಲಿಸಿದರೆ ನೂರು ಅಕ್ಷರಗಳಿಗೆ ಹೆಚ್ಚುಕಡಮೆ ಮೂರರಂತೆ ವ್ಯತ್ಯಾಸ ಕಂಡಿತು. ಕೋಶಕೇಂದ್ರವುಳ್ಳ ಜೀವಿಗಳಲ್ಲಿ ಇದುವರೆಗೆ ಅಳೆದ ವೈವಿಧ್ಯಗಳಲ್ಲಿ ಇದು ಅತಿ ಹೆಚ್ಚಿನವುಗಳ ಸಾಲಿಗೆ ಸೇರುತ್ತದೆ. ಸೂಕ್ಷ್ಮದರ್ಶಕದಲ್ಲಿ ಅವಳಿಗಳಂತೆ ಕಾಣುವ ಎರಡು ಹಸಿರು ಕಾಳುಗಳು ಒಳಗೆ ನಿಮಗೂ ನನಗೂ ಇರುವ ಅಂತರಕ್ಕಿಂತ ಮೂವತ್ತು ಪಟ್ಟು ದೂರವಿವೆ ಎಂದಾಯಿತು.

ಇಷ್ಟೊಂದು ವೈವಿಧ್ಯ ಎಲ್ಲಿಂದ ಬಂದಿತು? ಕೋಶ ಒಡೆದು ಎರಡಾಗುವಾಗ ಬರಹವನ್ನು ನಕಲು ಮಾಡುವಲ್ಲಿ ತಪ್ಪುಗಳಾಗುವುದು ಬಹಳ ಅಪರೂಪ. ಆದರೆ ಕೋಶಗಳ ಸಂಖ್ಯೆ ಎಣಿಕೆಗೆ ಮೀರಿದ್ದು. ಕಡಮೆ ಜನರಿರುವ ಊರಿನಲ್ಲಿ ಒಂದು ಮನೆತನ ಕಾಲಾಂತರದಲ್ಲಿ ಅಳಿದುಹೋಗಬಹುದು; ಅಪಾರ ಜನರಿರುವಲ್ಲಿ ಹಳೆಯ ಮನೆತನಗಳೆಲ್ಲ ಯಾವುದಾದರೊಂದು ಮೂಲೆಯಲ್ಲಿ ಉಳಿದಿರುತ್ತವೆ. ಅದರಂತೆ ಇಲ್ಲಿಯೂ ಅಪರೂಪದ ತಪ್ಪುಗಳು ಅಳಿಯದೆ ಕೂಡುತ್ತ ಬರುತ್ತವೆ. ಇದಲ್ಲದೆ, ಸಾರಜನಕ ತೀರಿದಾಗ ಕೋಶಗಳು ಎರಡು ಪಕ್ಷಗಳಾಗಿ, ಎರಡೆರಡು ಕೂಡಿಕೊಂಡು ದಪ್ಪ ಗೋಡೆಯ ಯುಗ್ಮಬೀಜಕಗಳಾಗುತ್ತವೆ. ಅವು ಮೊಳೆತಾಗ ಎರಡೂ ಮನೆತನಗಳ ಬರಹಗಳು ಕಲಸಿ ಹೊಸ ಜೋಡಣೆಗಳು ಹುಟ್ಟುತ್ತವೆ.

ಸೂಕ್ಷ್ಮಜೀವಿಗಳು ಗಾಳಿಯಲ್ಲಿ, ಹಕ್ಕಿಗಳ ಕಾಲಿನ ಕೆಸರಿನಲ್ಲಿ ಎಲ್ಲೆಂದರಲ್ಲಿ ಹಾರಿಹೋಗುವುದರಿಂದ ಜಗತ್ತಿನ ನೀರುಗಳಲ್ಲೆಲ್ಲ ಒಂದೇ ಸಮೂಹ ಇರುತ್ತದೆಂದು ಬಹುಕಾಲದ ನಂಬಿಕೆಯಿತ್ತು. ಎಡಿನ್‌ಬರೋ, ಟೊರಾಂಟೊ ಮೊದಲಾದ ಕಡೆಯ ಸಂಶೋಧಕರು ೨೦೧೯ರಲ್ಲಿ ಈ ನಂಬಿಕೆಯನ್ನು ಇದೇ ಪ್ರಭೇದದ ಮೇಲೆ ಪರೀಕ್ಷಿಸಿದರು. ಪ್ರಯೋಗಾಲಯಗಳಲ್ಲಿ ಮನೆಮಾತಾದ ಈ ಶೈವಲದ, ಹೊಲಗಳಿಂದ ತಂದುದೆಂದು ಖಚಿತವಾದ ತಳಿಗಳು ಅಂದಿಗೆ ಇಡೀ ಜಗತ್ತಿನಲ್ಲಿ ಒಟ್ಟು ೩೬ ಮಾತ್ರ ಇದ್ದವು. ಅಷ್ಟನ್ನೂ ಅವರು ಓದಿದರು. ಉತ್ತರ ಅಮೆರಿಕದ ತಳಿಗಳೂ ಜಪಾನಿನ ತಳಿಗಳೂ ಬೇರೆ ಬೇರೆ ವಂಶಗಳಾಗಿ ಒಡೆದಿದ್ದವು. ಅಮೆರಿಕದೊಳಗೇ ಎರಡು ವಂಶಗಳಿದ್ದವು. ಆದರೆ ಒಂದೇ ವಂಶದೊಳಗೆ, ಒಂದು ಪ್ರಾಂತದ ಹೊಲಗಳ ನಡುವೆ, ಅಂಥ ಗೋಡೆಗಳು ಕಾಣಲಿಲ್ಲ. ಬೇರೆ ಹೊಲಗಳಿಂದ, ದಶಕಗಳ ಅಂತರದಲ್ಲಿ ತಂದ ತಳಿಗಳಲ್ಲಿಯೂ ಎರಡೆರಡನ್ನು ಹೋಲಿಸಿದಾಗ ಸರಾಸರಿಯಾಗಿ ಬರಹದ ನೂರಕ್ಕೆ ಸುಮಾರು ೯ ಭಾಗ ಉದ್ದುದ್ದ ತುಣುಕುಗಳಾಗಿ ಒಂದೇ ಆಗಿತ್ತು. ಇಷ್ಟು ಭಿನ್ನತೆಯ ನಡುವೆ ಇಂಥ ನೆಂಟಸ್ತಿಕೆ ಹೇಗೆ ಉಳಿಯಿತೆಂಬುದು ಇನ್ನೂ ಬಿಡಿಸದ ಒಗಟು. ಹತ್ತಿರದಲ್ಲಿ ಬೆರೆತು, ದೂರದಲ್ಲಿ ಬೇರೆಯಾಗಿ, ಬೇರೆಯಾದವು ಮತ್ತೆ ಅಲ್ಲಲ್ಲಿ ಕೂಡಿ ನಡೆಯುವ ಬಾಳು ಆ ಹಸಿರು ಕಾಳುಗಳದು.

ಈ ಪ್ರಬಂಧವನ್ನು ಓದಿ ಮುಗಿಸಿದ ರಾತ್ರಿ ನಾನು ನನ್ನ ಹಳೆಯ ಮಹಾಪ್ರಬಂಧವನ್ನು ಕಪಾಟಿನಿಂದ ತೆಗೆದು ನೋಡಿದೆ. ಅಳತೆಗಳೆಲ್ಲ ಸರಿಯಾಗಿದ್ದವು, ಶೀರ್ಷಿಕೆ ಮಾತ್ರ ತಪ್ಪಾಗಿತ್ತು. ನಾನು ಹೊಂಡದ ಶೈವಲವನ್ನು ಅಳೆದಿರಲಿಲ್ಲ, ಹೊಂಡದ ಒಂದು ಕೋಶದ ಮಕ್ಕಳನ್ನು ಅಳೆದಿದ್ದೆ. ಉಳಿದವುಗಳನ್ನು ನನ್ನ ಕೈಯಾರೆ ಮೋರಿಗೆ ಚೆಲ್ಲಿದ್ದೆ.

ಆ ಒಂದು ತಳಿಯನ್ನಾದರೂ ಉಳಿಸಿಕೊಂಡೆನೇ ಎಂದರೆ ಅದೂ ಇಲ್ಲ. ನಳಿಕೆಯಲ್ಲಿರುವ ಶೈವಲವನ್ನು ಆಗಾಗ ಹೊಸ ಆಹಾರಕ್ಕೆ ವರ್ಗಾಯಿಸುತ್ತಿರಬೇಕು. ೨೦೦೮ರಲ್ಲಿ ನಿವೃತ್ತನಾದಾಗ ಬೀಳ್ಕೊಡುಗೆಯ ಸಂಭ್ರಮದಲ್ಲಿ ಅದನ್ನು ಯಾರ ಕೈಗೂ ಒಪ್ಪಿಸಲಿಲ್ಲ. ಒಂದು ವರ್ಷದ ಮೇಲೆ ನೆನಪಾಗಿ ಹೋಗಿ ನೋಡಿದಾಗ ನಳಿಕೆಗಳ ಬುಡದಲ್ಲಿ ಬಿಳಿಯ ಸಿಪ್ಪೆಯಷ್ಟೇ ಇದ್ದಿತು. ತಪ್ಪು ನನ್ನದೇ, ಇತರರ ಮೇಲೆ ಹೊರಿಸುವಂಥದಲ್ಲ.

ಅದಾದ ಕೆಲವು ವರ್ಷಗಳಿಗೆ, ೨೦೧೬ರ ಬರಗಾಲದಲ್ಲಿ, ಶಾಲೆಯ ಸಮಾರಂಭಕ್ಕೆಂದು ಊರಿಗೆ ಬಂದಿದ್ದೆ. ಹೊಂಡ ಪೂರ್ತಿ ಬತ್ತಿತ್ತು. ಬಿರಿದ ತಳದ ಮೇಲೆ ಹುಡುಗರು ಚೆಂಡಾಟ ಆಡುತ್ತಿದ್ದರು. ನನ್ನ ಪಾಲಿಗೆ ಎಲ್ಲವೂ ಮುಗಿಯಿತೆಂದುಕೊಂಡೆ. ಆದರೂ ಏನೋ ಒಂದು ಆಸೆಯಿಂದ ಐದು ಕಡೆಯ ಹೆಂಟೆಗಳನ್ನು ಕಾಗದದಲ್ಲಿ ಬೇರೆ ಬೇರೆ ಕಟ್ಟಿಕೊಂಡು ಮನೆಗೆ ಒಯ್ದೆ. ಕುದಿಸಿ ಆರಿಸಿದ ನೀರನ್ನು ಐದು ಗಾಜಿನ ಲೋಟಗಳಿಗೆ ಹಾಕಿ, ಒಂದೊಂದರಲ್ಲಿ ಒಂದೊಂದು ಹೆಂಟೆಯನ್ನಿಟ್ಟು, ಕಿಟಕಿಯ ಬಳಿ ಮುಚ್ಚಿಟ್ಟೆ. ಹನ್ನೊಂದನೆಯ ದಿನ ಮುಂಜಾನೆ ಮೂರು ಲೋಟಗಳ ಅಂಚಿನಲ್ಲಿ ತೆಳುವಾದ ಹಸಿರು ಗೆರೆ ಎದ್ದಿತ್ತು. ನನ್ನ ಮನೆಯವರು ಅದನ್ನು ನೋಡಿ, “ಮೊಮ್ಮಗ ಹುಟ್ಟಿದಾಗಲೂ ನೀವು ಇಷ್ಟು ಹಿಗ್ಗಲಿಲ್ಲರಿ” ಎಂದರು. ದಪ್ಪ ಗೋಡೆಯ ಬೀಜಕಗಳು ಒಣಗಿದ ಕೆಸರಿನಲ್ಲಿ ವರ್ಷಗಟ್ಟಲೆ ನಿದ್ರಿಸಬಲ್ಲವೆಂಬುದನ್ನು ನಾನೇ ವಿದ್ಯಾರ್ಥಿಗಳಿಗೆ ಪಾಠ ಹೇಳಿದ್ದೆ. ನಂಬಿದ್ದು ಮಾತ್ರ ಅಂದು. ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಮೂರು ಲೋಟಗಳಲ್ಲಿಯೂ ಎರಡು ಚಾವಟಿಗಳ ಅದೇ ಕಾಳುಗಳು ಓಡಾಡುತ್ತಿದ್ದವು. ಅವೆಲ್ಲ ಒಂದೇ ಎಂದು ಬರೆಯಲು ಈ ಸಲ ಕೈ ಏಳಲಿಲ್ಲ.

ಹೊಂಡದ ಜೀರ್ಣೋದ್ಧಾರದ ವಿಷಯದಲ್ಲಿ ನನ್ನ ಬಿನ್ನಹವಿರುವುದು ಈ ಹಿನ್ನೆಲೆಯಲ್ಲಿ. ಹೊಂಡವನ್ನು ಶುಚಿ ಮಾಡಬಾರದೆಂದು ನಾನು ಹೇಳುವುದಿಲ್ಲ. ನೀರಿನ ಮೇಲೆ ಕೆನೆಗಟ್ಟುವ ನೀಲಿಹಸಿರು ಜೀವಿಗಳಲ್ಲಿ ಕೆಲವು ವಿಷಕಾರಿಯಾಗಿರುತ್ತವೆ. ಮಕ್ಕಳಿರುವ ಕಡೆ ಅದನ್ನು ಅಲಕ್ಷ್ಯ ಮಾಡಬಾರದು. ಹೂಳು ತೆಗೆದು ಹೊಲಗಳಿಗೆ ಹೇರುವುದು ನಮ್ಮ ಹಿರಿಯರಿಂದ ಬಂದ ಒಳ್ಳೆಯ ರೂಢಿ. ಮೆಟ್ಟಿಲುಗಳು ಗಟ್ಟಿಯಾಗಲಿ, ಕಟ್ಟೆ ನಿಲ್ಲಲಿ. ಆದರೆ ತಳಕ್ಕೆ ಸಿಮೆಂಟು ಹಾಕಿದರೆ, ಬೇಸಿಗೆಯಿಂದ ಬೇಸಿಗೆಗೆ ಹೊಂಡದ ಸಂತಾನವನ್ನು ಕಾಯ್ದುಕೊಂಡು ಬಂದ ಕೆಸರೇ ಇಲ್ಲವಾಗುತ್ತದೆ. ಮುಂದೆ ಹಸಿರು ಮತ್ತೆ ಬರಬಹುದು. ಗಾಳಿಯಿಂದಲೋ ಹಕ್ಕಿಯಿಂದಲೋ ಬಂದ ನಾಲ್ಕು ಕೋಶಗಳ ಸಂತಾನವಾಗಿ ಬರಬಹುದು. ನೋಡುವವರ ಕಣ್ಣಿಗೆ ಏನೂ ಕಳೆದಂತೆ ಕಾಣುವುದಿಲ್ಲ. ನನ್ನ ಗಾಜಿನ ನಳಿಕೆಯಲ್ಲಿಯೂ ನೀರು ಹಸಿರಾಗಿಯೇ ಇದ್ದಿತು.

ಆದುದರಿಂದ ಎರಡು ಸಣ್ಣ ಕೋರಿಕೆಗಳು. ಮೊದಲನೆಯದು, ನೀರು ಒಳಬರುವ ಬದಿಯ ಒಂದು ಮೂಲೆಯಲ್ಲಿ ತಳವನ್ನು ಮಣ್ಣಿನದಾಗಿಯೇ ಬಿಡಬೇಕು. ಎರಡನೆಯದು, ಹೂಳು ತೆಗೆಯುವ ಮುನ್ನ ನಮ್ಮ ಶಾಲೆಯ ಮಕ್ಕಳು ಗುರುಗಳೊಡನೆ ಇಳಿದು, ಹೊಂಡದ ಹನ್ನೆರಡು ಕಡೆಗಳಿಂದ ಒಂದೊಂದು ಹಿಡಿ ಕೆಸರನ್ನು ತೆಗೆದು, ನೆರಳಿನಲ್ಲಿ ಒಣಗಿಸಿ, ಹನ್ನೆರಡು ಹೊಸ ಕುಡಿಕೆಗಳಲ್ಲಿ ತುಂಬಿ, ಸ್ಥಳವನ್ನೂ ತಾರೀಖನ್ನೂ ಬರೆದು ವಿಜ್ಞಾನದ ಕೋಣೆಯಲ್ಲಿ ಇಡಬೇಕು. ಇದಕ್ಕೆ ತಗಲುವ ಖರ್ಚು ಕುಡಿಕೆಗಳ ಬೆಲೆಯಷ್ಟೇ. ಇನ್ನು ಹತ್ತಾರು ವರ್ಷಗಳಲ್ಲಿ ಈ ಶಾಲೆಯಿಂದ ಹೊರಟ ಯಾವಳೋ ಒಬ್ಬ ಹುಡುಗಿ, ಡಿ.ಎನ್.ಎ. ಓದುವ ವಿದ್ಯೆಯನ್ನು ಕಲಿತು ಬಂದು ಆ ಕುಡಿಕೆಗಳನ್ನು ತೆರೆದಾಳು. ನಾನು ಚೆಲ್ಲಿದ್ದನ್ನು ಅವಳು ಎತ್ತಿಕೊಂಡಾಳು. ಅವಳ ಪ್ರಬಂಧದ ಶೀರ್ಷಿಕೆಯಲ್ಲಿ ನಮ್ಮ ಹೊಂಡದ ಹೆಸರಿದ್ದರೆ ಅದು ಸರಿಯಾದ ಶೀರ್ಷಿಕೆಯಾದೀತು.

ನನ್ನ ಗುರುಗಳು ಈಗಿಲ್ಲ. ಅವರ ಕೆಂಪು ಶಾಯಿಯ ಅಕ್ಷರಗಳಿರುವ ಆ ವಹಿ ನನ್ನಲ್ಲಿ ಉಳಿದಿಲ್ಲ. ಮನೆ ಬದಲಿಸುವಾಗ ಎಲ್ಲಿಯೋ ಕಳೆಯಿತು. ಆ ಎರಡು ಶಬ್ದಗಳನ್ನು ಮಾತ್ರ ಕಳೆದುಕೊಳ್ಳಲಾಗಿಲ್ಲ. ಅವುಗಳನ್ನು ಹೊಂಡದ ಹನ್ನೆರಡು ಕುಡಿಕೆಗಳ ಮೇಲೆ ಬರೆಸಬೇಕೆಂದು ಕೋರಿ, ಶಾಲೆಗೆ ಸೂಕ್ಷ್ಮದರ್ಶಕವನ್ನು ಕೊಟ್ಟು ಹೆಸರು ಬೇಡವೆಂದ ಆ ದಾನಿಗಳಿಗೂ, ಅದರೊಳಗೆ ನೋಡುವುದನ್ನು ಕಲಿಸಿದ ಗುರುಗಳಿಗೂ ಈ ಬರಹವನ್ನು ಭಕ್ತಿಯಿಂದ ಸಲ್ಲಿಸುತ್ತೇನೆ.